ಶುಗರ್ ಜೊತೆ ಥೈರಾಯ್ಡ್: ಬೆಳಗಿನ ಮಾತ್ರೆಯಿಂದ ಎಂಟನೇ ವಾರದ ಟೆಸ್ಟ್‌ವರೆಗೆ

"ಆರು ತಿಂಗಳಿಂದ ಥೈರಾಯ್ಡ್ ಮಾತ್ರೆ ತಪ್ಪದೇ ನುಂಗ್ತಿದೀನಿ, ಆದ್ರೂ ಟಿಎಸ್‌ಎಚ್ ಇಳೀತಿಲ್ಲ. ಶುಗರ್ ಬೇರೆ ಒಂದಿನ ಮೇಲೆ, ಒಂದಿನ ಕೆಳಗೆ." ದಾವಣಗೆರೆಯಲ್ಲಿ ನನ್ನ ಜೊತೆ ವಾಕಿಂಗ್ ಬರುವವರಿಂದ ಹಿಡಿದು ಚಳ್ಳಕೆರೆಯ ನೆಂಟರವರೆಗೆ ಎಲ್ಲರದ್ದೂ ಇದೇ ದೂರು. (ಟಿಎಸ್‌ಎಚ್ ಅಂದರೆ ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ರಕ್ತದ ಅಂಕಿ, ವಿವರ ಹಂತ 1ರಲ್ಲಿ.) ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಬೆಳಿಗ್ಗೆ ಎದ್ದಾಗಿನಿಂದ ತಿಂಡಿ ಮುಗಿಯೋವರೆಗೆ ಏನೇನು ಬಾಯಿಗೆ ಹಾಕಿಕೊಳ್ತೀರಿ, ಒಂದಾದ ಮೇಲೆ ಒಂದು ಹೇಳಿ. ಬಹಳ ಸಲ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನಾನು ಡಾಕ್ಟರ್ ಅಲ್ಲ. ಎರಡೂ ಕಾಯಿಲೆ ಇಟ್ಟುಕೊಂಡು ಬದುಕುತ್ತಿರುವವನು, ಮಾಡಬಾರದ ತಪ್ಪೆಲ್ಲ ಮಾಡಿ ಕಲಿತವನು. ಡೋಸ್ ಏರಿಸುವುದು, ಇಳಿಸುವುದು ಡಾಕ್ಟರ ಕೆಲಸ. ಕೊಟ್ಟ ಡೋಸ್ ಮೈಗೆ ಹತ್ತುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಈ ಬರಹ ಪೂರ್ತಿ ಆ ಎರಡನೇ ಕೆಲಸದ ಬಗ್ಗೆ.

## ಮೊದಲು ಇಷ್ಟು ಹೊಂದಿಸಿಕೊಳ್ಳಿ

ಒಂದು ಉದ್ದನೆಯ ನೋಟ್‌ಬುಕ್. ಒಂದು ಗ್ಲುಕೋಮೀಟರ್, ಅವಧಿ ಮುಗಿಯದ ಸ್ಟ್ರಿಪ್. ಮೊಬೈಲ್‌ನಲ್ಲಿ ಎರಡು ಅಲಾರಂ. ಜೇಬಿಗೆ ಒಂದು ಚಿಕ್ಕ ಪೊಟ್ಟಣ ಗ್ಲುಕೋಸ್ ಪುಡಿ. ಸಕ್ಕರೆ ಯಾಕೆ ಬೇಡ, ಗ್ಲುಕೋಸೇ ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ. ಹಳೇ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿ.

ಶುಗರ್‌ಗೆ ಒಂದು ಪುಸ್ತಕ, ಥೈರಾಯ್ಡ್‌ಗೆ ಇನ್ನೊಂದು ಇಡಬೇಡಿ. ಎರಡೂ ಒಂದೇ ಪುಟದಲ್ಲಿ ಇರಲಿ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಬೇರೆ ಬೇರೆ ಬರೆದಿಟ್ಟರೆ ಆ ಜೋಡಿ ಕಣ್ಣಿಗೆ ಬೀಳೋದೇ ಇಲ್ಲ.

## ಹಂತ 1: ನಿಮ್ಮದು ಯಾವ ಥೈರಾಯ್ಡ್?

"ಥೈರಾಯ್ಡ್ ಇದೆ" ಅಂದರೆ ಸಾಲದು. ಕುತ್ತಿಗೆಯ ಗ್ರಂಥಿ ಕಡಿಮೆ ಕೆಲಸ ಮಾಡುತ್ತಿದೆಯೋ, ಜಾಸ್ತಿ ಮಾಡುತ್ತಿದೆಯೋ ಗೊತ್ತಿರಬೇಕು. ಯಾಕೆಂದರೆ ಶುಗರ್ ಮೇಲೆ ಎರಡರ ಪರಿಣಾಮ ಒಂದಕ್ಕೊಂದು ವಿರುದ್ಧ.

ರಿಪೋರ್ಟ್‌ನಲ್ಲಿ ಟಿಎಸ್‌ಎಚ್ ಹುಡುಕಿ. ಹೆಚ್ಚಿನ ಲ್ಯಾಬ್‌ಗಳಲ್ಲಿ ದೊಡ್ಡವರಿಗೆ ಸುಮಾರು 0.4ರಿಂದ 4.5 ಸರಿಯಾದ ಮಟ್ಟ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಬದಲಾಗುತ್ತದೆ, ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಮೇಲಿದ್ದರೂ ನಡೆಯುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಕಡಿಮೆ ಇದೆ ಎಂದರ್ಥ. ಟಿಎಸ್‌ಎಚ್ ಅನ್ನೋದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೊಡುವ ಕೂಗು. ಕೆಲಸ ಮಾಡದವನನ್ನು ಜೋರಾಗಿ ಕೂಗಬೇಕು, ಅಲ್ವಾ? ಅದಕ್ಕೇ ಅಂಕಿ ಏರುತ್ತದೆ.

ಟಿಎಸ್‌ಎಚ್ 5, 6, 7 ಹೀಗೆ ಸ್ವಲ್ಪ ಮೇಲಿದ್ದು, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಸರಿಯಾಗಿದ್ದರೆ ಎಷ್ಟೋ ಡಾಕ್ಟರು ತಕ್ಷಣ ಮಾತ್ರೆ ಬರೆಯುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅನ್ನುತ್ತಾರೆ. ಅದು ಉದಾಸೀನ ಅಲ್ಲ, ಸರಿಯಾದ ಕ್ರಮವೇ. 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರುವಾಗುತ್ತದೆ.

ಚಿಕ್ಕ ವಯಸ್ಸಿಂದ ಇನ್ಸುಲಿನ್ ಮೇಲಿರುವ ಟೈಪ್ 1 ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಗುರುತು ಹಾಕಿಕೊಳ್ಳಿ. ಅವರಲ್ಲಿ ಮೈಯ ಕಾವಲು ಪಡೆ ಇನ್ಸುಲಿನ್ ತಯಾರಿಸುವ ತನ್ನದೇ ಪ್ಯಾಂಕ್ರಿಯಾಸ್ ಮೇಲೆ ಬಿದ್ದಿರುತ್ತದೆ. ಅದೇ ಪಡೆ ಥೈರಾಯ್ಡ್ ಮೇಲೂ ಬೀಳುವ ಸಾಧ್ಯತೆ ಜಾಸ್ತಿ. ಹಾಗಾಗಿ ಶುಗರ್ ಪತ್ತೆಯಾಗಿ ಸ್ವಲ್ಪ ಹತೋಟಿಗೆ ಬಂದ ಕೂಡಲೇ ಟಿಎಸ್‌ಎಚ್ ಜೊತೆ ಆಂಟಿ ಟಿಪಿಒ (ಆ ಪಡೆ ಥೈರಾಯ್ಡ್ ಮೇಲೆ ಬಿದ್ದಿದೆಯಾ ಅಂತ ನೋಡುವ ರಕ್ತಪರೀಕ್ಷೆ) ಕೂಡ ಮಾಡಿಸಬೇಕು. ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಟಿಎಸ್‌ಎಚ್. ಟೈಪ್ 2 ಇರುವವರಲ್ಲಿ ಹೆಂಗಸರು, 50 ದಾಟಿದವರು, ಕೆಟ್ಟ ಕೊಲೆಸ್ಟ್ರಾಲ್ ಇಳಿಯದವರು, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇರುವವರು ಕೇಳಿ ಮಾಡಿಸಿಕೊಳ್ಳಬೇಕು.

## ಹಂತ 2: ರಕ್ತ ಕೊಡುವ ಮುಂಚೆ

ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಿ ಬಂದು, ಲ್ಯಾಬ್ ಮುಂದೆ ಕೂತು, ಕೊನೆಗೆ ತಪ್ಪು ರಿಪೋರ್ಟ್ ಹಿಡಿದು ಹೋಗುವವರನ್ನು ನೋಡಿದ್ದೇನೆ. ತಪ್ಪು ಲ್ಯಾಬ್‌ನದ್ದೇ ಆಗಿರಬೇಕೆಂದೇನಿಲ್ಲ.

ಮೊದಲನೆಯದು ಬಯೋಟಿನ್, ಅಂದರೆ ಒಂದು ಬಗೆಯ ಬಿ ವಿಟಮಿನ್. ಕಾಲು ಉರಿ, ಜೋಮು ಅಂತ ಶುಗರ್ ಇರುವವರಿಗೆ "ನರದ ಮಾತ್ರೆ" ಕೊಡುತ್ತಾರೆ. ಕೂದಲು ಉದುರುತ್ತೆ ಅಂತ ಕೆಲವರು ತಾವೇ ತಗೊಳ್ತಾರೆ. ಇವುಗಳಲ್ಲಿ ಬಯೋಟಿನ್ ಇದ್ದರೆ ಕೆಲವು ಯಂತ್ರಗಳು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಟಿ4 ಅನ್ನು ಜಾಸ್ತಿ ತೋರಿಸುತ್ತವೆ. ಮಾತ್ರೆ ಸಾಲದವರಿಗೆ "ಡೋಸ್ ಜಾಸ್ತಿಯಾಗಿದೆ" ಅನ್ನೋ ಹಾಗೆ ಕಾಣುತ್ತದೆ. ಸ್ಟ್ರಿಪ್ ಹಿಂದೆ ಓದಿ. ಬಯೋಟಿನ್ ಇದ್ದರೆ ಡಾಕ್ಟರನ್ನು ಕೇಳಿ, ಟೆಸ್ಟ್‌ಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಡೋಸ್ ದೊಡ್ಡದಾಗಿದ್ದರೆ ಇನ್ನೂ ಮುಂಚೆ ನಿಲ್ಲಿಸಬೇಕಾಗಬಹುದು.

ಎರಡನೆಯದು ಜ್ವರ. ಡೆಂಗಿ, ನ್ಯುಮೋನಿಯಾ, ಆಪರೇಷನ್ ಇಂಥದ್ದು ಆಗಿ ಎದ್ದ ಹೊಸದರಲ್ಲಿ ಟಿಎಸ್‌ಎಚ್ ಸುಮ್ನೆ ಏರುಪೇರಾಗುತ್ತದೆ. ತುರ್ತು ಇಲ್ಲದಿದ್ದರೆ ಆರು ವಾರ ಬಿಟ್ಟು ಮಾಡಿಸಿ.

ಟೆಸ್ಟ್ ದಿನದ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಿ. ಮಾತ್ರೆ ಆದ ಕೆಲವು ಗಂಟೆ ಟಿ4 ಮೇಲೆದ್ದು ಕಾಣುತ್ತದೆ. ಪ್ರತಿ ಸಲ ಅದೇ ಲ್ಯಾಬ್, ಹೆಚ್ಚುಕಮ್ಮಿ ಅದೇ ಹೊತ್ತು. ಟಿಎಸ್‌ಎಚ್ ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನ ಕಡಿಮೆ. ಒಂದು ಸಲ ಏಳಕ್ಕೆ, ಇನ್ನೊಂದು ಸಲ ಮೂರಕ್ಕೆ ಕೊಟ್ಟರೆ ಎರಡನ್ನೂ ಹೋಲಿಸಿ ಏನೂ ಹೇಳೋಕಾಗಲ್ಲ. ಫಾಸ್ಟಿಂಗ್ ಶುಗರ್ ಟೆಸ್ಟೂ ಇದ್ದರೆ ತಿಂಡಿ ತಿನ್ನುವವರೆಗೆ ಶುಗರ್ ಮಾತ್ರೆ, ಊಟದ ಇನ್ಸುಲಿನ್ ಮುಟ್ಟಬೇಡಿ. ಬಸ್ಸಿನಲ್ಲಿ ಬರುವವರು ತಿಂಡಿ ಡಬ್ಬಿ ಜೊತೆಗೇ ತನ್ನಿ. ರಕ್ತ ಕೊಟ್ಟು ಹೊರಗೆ ಬಂದು ಹೋಟೆಲ್ ಹುಡುಕುವಷ್ಟರಲ್ಲಿ ಕೈಕಾಲು ನಡುಗಲು ಶುರುವಾಗಿರುತ್ತದೆ.

## ಹಂತ 3: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚಾಪೆ ಮೇಲೆ ಸುರಿಯಿರಿ

ಶುಗರ್ ಡಾಕ್ಟರ್ ಕೊಟ್ಟಿದ್ದು, ಮೂಳೆ ಡಾಕ್ಟರ್ ಕೊಟ್ಟಿದ್ದು, ಊರಿನ ಡಾಕ್ಟರ್ ಕೊಟ್ಟಿದ್ದು, ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತಂದಿದ್ದು, ಎಲ್ಲಾ. ಈಗ ಗುಂಪು ಮಾಡಿ.

ಮೊದಲ ಗುಂಪು ಥೈರಾಕ್ಸಿನ್ ಒಂದೇ, ಅಂದರೆ ಥೈರಾಯ್ಡ್ ಕಡಿಮೆ ಇರುವವರು ನುಂಗುವ ಆ ಮಾತ್ರೆ. ಅದು ಒಬ್ಬಂಟಿ. ಬೇರೆ ಯಾವುದರ ಜೊತೆಗೂ ಅದನ್ನು ಕೂರಿಸಬೇಡಿ.

ಎರಡನೇ ಗುಂಪು ಊಟ ತಿಂಡಿಗೆ ಅಂಟಿಕೊಂಡ ಶುಗರ್ ಮಾತ್ರೆಗಳು. ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್ ಇದ್ದರೆ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಇವು ಶುಗರ್ ಅನ್ನು ಬಲವಂತವಾಗಿ ಇಳಿಸುತ್ತವೆ, ತಿಂಡಿ ಬಂತೋ ಇಲ್ಲವೋ ಕಾಯುವುದಿಲ್ಲ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಲೋ ಶುಗರ್ ಭಯ ಕಡಿಮೆ. ಆದರೆ ನಮ್ಮಲ್ಲಿ ಎರಡೂ ಸೇರಿದ ಮಾತ್ರೆಯೇ ಜಾಸ್ತಿ ಓಡುತ್ತದೆ. ಸ್ಟ್ರಿಪ್ ಮೇಲಿನ ದೊಡ್ಡ ಹೆಸರು ಬಿಟ್ಟು ಕೆಳಗಿನ ಚಿಕ್ಕ ಅಕ್ಷರ ಓದಿ. ಸಕ್ಕರೆ ಒಡೆಯುವುದನ್ನು ನಿಧಾನ ಮಾಡುವ ವೋಗ್ಲಿಬೋಸ್ ಕೂಡ ಸೇರಿದ್ದರೆ ಅದನ್ನೂ ಬರೆದುಕೊಳ್ಳಿ.

ಮೂರನೇ ಗುಂಪು ಥೈರಾಕ್ಸಿನ್‌ಗೆ ಆಗದವರು: ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಇವೆರಡೂ ಇರುವ ಟಾನಿಕ್ಕು, ಎದೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿ. ಇವು ಹೊಟ್ಟೆಯಲ್ಲೇ ಥೈರಾಕ್ಸಿನ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆ ಬೇಕೇ ಬೇಕು.

ಇನ್ನು ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ. ಅದೂ ಖಾಲಿ ಹೊಟ್ಟೆಯದ್ದು, ಥೈರಾಯ್ಡೂ ಖಾಲಿ ಹೊಟ್ಟೆಯದ್ದು. ಹಾಗಾಗಿ ಜನ ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಾರೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಸರಿಯಾಗಿ ಕರಗಿ ಹೀರಿಕೊಳ್ಳುವುದಿಲ್ಲ. ಹೊತ್ತು ಬದಲಿಸಿದ ಮಾತ್ರಕ್ಕೆ ಇದು ಪೂರ್ತಿ ಸರಿಹೋಗದು. "ನಾನು ದಿನಾ ಗ್ಯಾಸ್ ಮಾತ್ರೆ ತಗೊಳ್ತೀನಿ" ಅಂತ ಡಾಕ್ಟರಿಗೆ ಹೇಳಲೇಬೇಕು. ಅದು ನಿಜವಾಗಿ ಬೇಕಾ ಅಂತಲೂ ಕೇಳಿ. ವರ್ಷಗಟ್ಟಲೆ ಸುಮ್ನೆ ನುಂಗುತ್ತಿರುವವರು ಎಷ್ಟೋ ಜನ.

ಶುಗರ್‌ಗೆ ಸೆಮಾಗ್ಲುಟೈಡ್ ಅನ್ನೋ ಮಾತ್ರೆ ಬರೆದುಕೊಟ್ಟಿದ್ದರೆ ಇನ್ನೊಂದು ತೊಡಕು. ಅದನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಕಾಯಬೇಕು. ಅದರ ಜೊತೆ ತಗೊಂಡರೆ ಥೈರಾಕ್ಸಿನ್ ರಕ್ತಕ್ಕೆ ಜಾಸ್ತಿ ಸೇರಬಹುದು. ಇವೆರಡರ ವೇಳೆಯನ್ನು ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಅನ್ನೋ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಈ ಬಗೆಯ ಔಷಧಿ, ಇಂಜೆಕ್ಷನ್ ಶುರು ಮಾಡುವ ಮೊದಲೇ ಅದನ್ನು ಹೇಳಬೇಕು.

## ಹಂತ 4: ಬೆಳಗಿನ ಒಂದು ಗಂಟೆ

ಎಲ್ಲರೂ ಜಾರಿ ಬೀಳುವುದು ಇಲ್ಲಿ. ನಾನೂ ಬಿದ್ದೆ.

ಥೈರಾಯ್ಡ್ ಹೊಸದಾಗಿ ಬಂದಾಗ ಚೀಟಿಯಲ್ಲಿ ಎರಡೂ ಮಾತ್ರೆ ಮುಂದೆ "ಬೆಳಿಗ್ಗೆ" ಅಂತ ಇತ್ತು. ಒಂದು ಬಟ್ಟಲಿಗೆ ಎರಡನ್ನೂ ಹಾಕಿಟ್ಟು, ಐದೂವರೆಗೆ ನುಂಗಿ, ಕುಂದವಾಡ ಕೆರೆ ಕಡೆ ವಾಕಿಂಗ್ ಹೊರಟುಬಿಡುತ್ತಿದ್ದೆ. ತಿಂಡಿ ಏಳೂವರೆಗೆ. ನಾಲ್ಕನೇ ದಿನ ಅರ್ಧ ದಾರಿಯಲ್ಲಿ ಮೈಯೆಲ್ಲ ಬೆವರು, ಕೈ ನಡುಕ, ಎದೆ ಡವಡವ. ಜೊತೆಗಿದ್ದವರು ಕೂರಿಸಿ ಬಿಸ್ಕತ್ತು ತಿನ್ನಿಸಿದರು. ಮನೆಗೆ ಬಂದು ಚುಚ್ಚಿ ನೋಡಿದರೆ, ಬಿಸ್ಕತ್ತು ತಿಂದ ಮೇಲೂ 66. ನಾನು ಮಾಡಿದ್ದೇನು ಗೊತ್ತಾ? ಹೊಸ ಮಾತ್ರೆ ಒಗ್ಗಲಿಲ್ಲ ಅಂತ ಥೈರಾಯ್ಡ್ ಮಾತ್ರೆ ಬಿಟ್ಟೆ. ಎರಡು ವಾರ! ತಪ್ಪು ಮಾಡಿದ್ದು ಗ್ಲಿಮಿಪಿರೈಡ್, ಶಿಕ್ಷೆ ಪಾಪ ಥೈರಾಕ್ಸಿನ್‌ಗೆ. ಗ್ಲಿಮಿಪಿರೈಡ್ ನುಂಗಿ ಎರಡು ಗಂಟೆ ಉಪವಾಸ ನಡೆದರೆ ಇನ್ನೇನಾಗುತ್ತದೆ?

ಈಗ ನನ್ನ ಗಡಿಯಾರ ಹೀಗಿದೆ. ನಿಮ್ಮ ಹೊತ್ತಿಗೆ ತಕ್ಕಂತೆ ಜರುಗಿಸಿಕೊಳ್ಳಿ, ಕ್ರಮ ಮಾತ್ರ ಬದಲಿಸಬೇಡಿ.

1. 5.30, ಮೊದಲ ಅಲಾರಂ. ಬಾಯಿ ತೊಳೆದು, ಥೈರಾಕ್ಸಿನ್ ಒಂದೇ, ಒಂದು ಲೋಟ ಬರೀ ನೀರಿನಲ್ಲಿ. ಜೀರಿಗೆ ಕಷಾಯ, ಮೆಂತ್ಯ ನೆನೆಸಿದ ನೀರು, ಹಾಗಲಕಾಯಿ ರಸ ಆಮೇಲೆ ನೋಡೋಣ.

2. 5.30ರಿಂದ 6.30. ನೀರು ಬಿಟ್ಟು ಏನೂ ಇಲ್ಲ. ಟೀ, ಕಾಫಿ ಇಲ್ಲ. ಸಕ್ಕರೆ ಹಾಕದ ಟೀ ಕೂಡ ಟೀಯೇ, ಹಾಲು ಹಾಕದ ಕಾಫಿ ಕೂಡ ಕಾಫಿಯೇ. ಅರ್ಧ ಗಂಟೆ ಅತಿ ಕಡಿಮೆ, ಒಂದು ಗಂಟೆ ಒಳ್ಳೆಯದು. ವಾಕಿಂಗ್ ಹೋಗಬಹುದು. ಆದರೆ ಇನ್ಸುಲಿನ್ ಅಥವಾ ಕೆಂಪು ಗುರುತಿನ ಮಾತ್ರೆ ಮೇಲಿರುವವರು ಚುಚ್ಚಿ ನೋಡಿ ಹೋಗಿ. 90ಕ್ಕಿಂತ ಕೆಳಗಿದ್ದರೆ ಅವತ್ತು ಏನಾದರೂ ತಿಂದೇ ಹೊರಡಿ.

3. 6.30, ಎರಡನೇ ಅಲಾರಂ. ತಿಂಡಿ ತಟ್ಟೆ ಕಣ್ಣೆದುರು ಬಂದ ಮೇಲೆ ಶುಗರ್ ಮಾತ್ರೆ ಅಥವಾ ಊಟದ ಇನ್ಸುಲಿನ್. ತಿಂಡಿಗೆ ಎಷ್ಟು ನಿಮಿಷ ಮುಂಚೆ ಅನ್ನೋದು ಇನ್ಸುಲಿನ್ ಜಾತಿಯ ಮೇಲೆ ಬದಲಾಗುತ್ತದೆ, ಚೀಟಿಯಲ್ಲಿ ಇರುವಂತೆ ಮಾಡಿ. ವೋಗ್ಲಿಬೋಸ್ ಇದ್ದರೆ ಮೊದಲ ತುತ್ತಿನ ಜೊತೆ. ಮೆಟ್‌ಫಾರ್ಮಿನ್ ಒಂದೇ ಆದರೆ ತಿಂಡಿ ಜೊತೆ ಅಥವಾ ತಿಂದ ಮೇಲೆ.

4. ಮಧ್ಯಾಹ್ನ ಊಟಕ್ಕೆ ಅಥವಾ ಸಂಜೆ. ಕ್ಯಾಲ್ಸಿಯಂ, ಕಬ್ಬಿಣ ಇತ್ಯಾದಿ.

ಲೋ ಶುಗರ್ ಬಂದರೆ ಥೈರಾಯ್ಡ್ ಮಾತ್ರೆಯ ಗಂಟೆ ಲೆಕ್ಕ ಹಾಕುತ್ತಾ ಕೂರಬೇಡಿ. 70ಕ್ಕಿಂತ ಕೆಳಗೆ ಹೋಯಿತೆಂದರೆ ಮೂರು ಚಮಚ ಗ್ಲುಕೋಸ್ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ಏರದಿದ್ದರೆ ಮತ್ತೆ ಅಷ್ಟೇ. ಒಂದು ದಿನದ ಥೈರಾಕ್ಸಿನ್ ಸರಿಯಾಗಿ ಹತ್ತದಿದ್ದರೆ ಆಕಾಶ ಬೀಳುವುದಿಲ್ಲ. ಸಕ್ಕರೆ ಬದಲು ಗ್ಲುಕೋಸ್ ಅಂದಿದ್ದು ಇದಕ್ಕೇ: ವೋಗ್ಲಿಬೋಸ್, ಅಕಾರ್ಬೋಸ್ ತಗೊಳ್ಳುವವರಲ್ಲಿ ಸಕ್ಕರೆ ಬೇಗ ಒಡೆಯುವುದಿಲ್ಲ. ಚಾಕೊಲೇಟು, ಬಿಸ್ಕತ್ತು ಇನ್ನೂ ನಿಧಾನ.

ರಾತ್ರಿ ಪಾಳಿಯವರು, ನಾಲ್ಕಕ್ಕೇ ಎದ್ದು ಹಾಲು ಕರೆದು ಟೀ ಕುಡಿದೇ ಹೊಲಕ್ಕೆ ಹೋಗುವವರು "ನಮ್ಮ ಕೈಲಿ ಇದೆಲ್ಲ ಆಗಲ್ಲ" ಅನ್ನುತ್ತಾರೆ. ಅವರಿಗೂ ದಾರಿ ಇದೆ. ರಾತ್ರಿ ಊಟ ಮುಗಿಸಿ ಮೂರು ಗಂಟೆ ಆದ ಮೇಲೆ, ಮಲಗುವ ಮುನ್ನ ಥೈರಾಕ್ಸಿನ್ ತಗೊಳ್ಳಬಹುದು. ಆಗ ರಾತ್ರಿಯ ಕ್ಯಾಲ್ಸಿಯಂ ಅನ್ನು ಮಧ್ಯಾಹ್ನಕ್ಕೆ ಜರುಗಿಸಬೇಕು. ಡಾಕ್ಟರಿಗೆ ಹೇಳಿ ಬದಲಿಸಿ, ಬದಲಿಸಿದ ಮೇಲೆ ಅದನ್ನೇ ಹಿಡಿಯಿರಿ. ಒಂದು ದಿನ ಬೆಳಿಗ್ಗೆ, ಒಂದು ದಿನ ರಾತ್ರಿ ಬೇಡ.

ಮರೆತರೆ? ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವ ಹೊತ್ತು ನೋಡಿ ತಗೊಳ್ಳಿ. ಮರುದಿನ ನೆನಪಾದರೆ ನಿಮ್ಮಷ್ಟಕ್ಕೆ ಎರಡು ನುಂಗಬೇಡಿ.

## ಹಂತ 5: ಮೊದಲ ಎಂಟು ವಾರ, ಬೆರಳಿಗೆ ಸ್ವಲ್ಪ ಜಾಸ್ತಿ ಕೆಲಸ

ಥೈರಾಯ್ಡ್ ಕಡಿಮೆ ಇದ್ದಾಗ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕರುಳು ಸಕ್ಕರೆಯನ್ನು ನಿಧಾನ ಹೀರುತ್ತದೆ, ಲಿವರ್ ಕಡಿಮೆ ಬಿಡುತ್ತದೆ. ಹಾಗಾಗಿ ಮೊದಲಿದ್ದ ಅದೇ ಡೋಸ್‌ಗೆ ಇದ್ದಕ್ಕಿದ್ದ ಹಾಗೆ ಲೋ ಶುಗರ್ ಬರತೊಡಗಿದರೆ ಥೈರಾಯ್ಡ್ ನೋಡಿಸಬೇಕು. ಇದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. "ಶುಗರ್ ವಾಸಿಯಾಗ್ತಿದೆ" ಅಂತ ಖುಷಿಪಡುತ್ತಾರೆ.

ಥೈರಾಕ್ಸಿನ್ ಶುರುವಾದ ಮೇಲೆ ಇದು ತಿರುಗುತ್ತದೆ. ಮೈ ಮತ್ತೆ ತನ್ನ ವೇಗಕ್ಕೆ ಬರುತ್ತದೆ, ಇನ್ಸುಲಿನ್ ಬೇಗ ಖರ್ಚಾಗುತ್ತದೆ, ಶುಗರ್ ಪಾಯಿಂಟ್ ಏರಬಹುದು. "ಥೈರಾಯ್ಡ್ ಮಾತ್ರೆಯಿಂದ ಶುಗರ್ ಬಂತು" ಅಂತ ಹೆದರಿ ನಿಲ್ಲಿಸಬೇಡಿ. ಶುಗರ್ ಔಷಧಿಯ ಲೆಕ್ಕ ಹೊಸದಾಗಿ ಹಾಕಬೇಕಾಗಿದೆ, ಅಷ್ಟೇ.

ಇನ್ಸುಲಿನ್ ಮೇಲಿರುವವರು ದಿನಾ ಚುಚ್ಚಿ ನೋಡಿ. ಮಾತ್ರೆಯವರು ವಾರದಲ್ಲಿ ಎರಡು ದಿನ, ಫಾಸ್ಟಿಂಗ್ ಮತ್ತು ಊಟವಾದ ಎರಡು ಗಂಟೆಗೆ. ಪುಸ್ತಕದಲ್ಲಿ ತಾರೀಖು, ಶುಗರ್, ಥೈರಾಕ್ಸಿನ್ ಎಷ್ಟು ಗಂಟೆಗೆ, ತೂಕ, ಕೂತಾಗ ನಾಡಿ ಬಡಿತ ಬರೆಯಿರಿ. ನಾಡಿ ಬರೆಯೋದು ಯಾಕೆ ಅನ್ನೋದು ಮುಂದಿನ ಹಂತದಲ್ಲಿದೆ.

ಎರಡು ವಾರಕ್ಕೇ ಓಡಿಹೋಗಿ ಟಿಎಸ್‌ಎಚ್ ಮಾಡಿಸಬೇಡಿ. ಥೈರಾಕ್ಸಿನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಡೋಸ್ ಶುರುವಾಗಿ ಅಥವಾ ಬದಲಾಗಿ ಆರರಿಂದ ಎಂಟು ವಾರ ಕಳೆದ ಮೇಲಿನ ಟಿಎಸ್‌ಎಚ್‌ಗಷ್ಟೇ ಬೆಲೆ. ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ನಿಧಾನ ಏರಿಸುತ್ತಾರೆ. "ಪಕ್ಕದ ಮನೆಯವರಿಗೆ 100 ಕೊಟ್ಟಿದ್ದಾರೆ, ನಮಗ್ಯಾಕೆ 25" ಅಂತ ಕೇಳಿದರೆ ಉತ್ತರ ಇದೇ.

## ಹಂತ 6: ನಡುಕ, ಬೆವರು, ಸುಸ್ತು: ಮೊದಲು ಚುಚ್ಚಿ, ಆಮೇಲೆ ಬೈಯಿರಿ

ಎದೆ ಡವಡವ, ಕೈ ನಡುಕ, ಬೆವರು. ಲೋ ಶುಗರ್ ಆದರೂ ಹೀಗೇ, ಥೈರಾಕ್ಸಿನ್ ಜಾಸ್ತಿಯಾದರೂ ಹೀಗೇ. ಬರೀ ಅನಿಸಿಕೆಯಿಂದ ಬೇರೆ ಮಾಡೋಕಾಗಲ್ಲ. ಬೆರಳು ಚುಚ್ಚಿ. 70ಕ್ಕಿಂತ ಕಡಿಮೆ ಇದ್ದರೆ ಶುಗರ್ ಕಡೆಯ ತಪ್ಪು. 130, 140 ಇದ್ದೂ ನಡುಕ ಇದೆ, ಸುಮ್ನೆ ಕೂತಾಗಲೂ ನಾಡಿ 100 ದಾಟುತ್ತಿದೆ, ದಿನಗಟ್ಟಲೆ ನಿದ್ದೆ ಇಲ್ಲ, ತೂಕ ಇಳಿಯುತ್ತಿದೆ ಎಂದರೆ ಥೈರಾಯ್ಡ್ ಡೋಸ್ ನೋಡಿಸಬೇಕು. ನಾಡಿ ಬರೆಯಿರಿ ಅಂದಿದ್ದು ಇದಕ್ಕೆ.

ಸುಸ್ತಿನದ್ದು ಇನ್ನೊಂದು ಗೋಳು. ಶುಗರ್ ಜಾಸ್ತಿಯಾದರೂ ಸುಸ್ತು, ಥೈರಾಯ್ಡ್ ಕಡಿಮೆಯಾದರೂ ಸುಸ್ತು, ರಕ್ತ ಕಡಿಮೆಯಿದ್ದರೂ ಸುಸ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡು ಬಿ12 ಇಳಿದರೂ ಸುಸ್ತು. ಥೈರಾಯ್ಡ್ ಕಡೆಗೆ ಬೆರಳು ತೋರಿಸುವ ಗುರುತುಗಳು: ಎಲ್ಲರಿಗೂ ಸೆಕೆ, ನಿಮಗೆ ಚಳಿ, ಮಲಬದ್ಧತೆ, ಬೆಳಿಗ್ಗೆ ಮುಖ ಊದಿಕೊಳ್ಳುವುದು, ದನಿ ದಪ್ಪಗಾಗುವುದು, ತಿನ್ನುವುದು ಅಷ್ಟೇ ಆದರೂ ತೂಕ ಏರುವುದು. ಇನ್ನೊಂದು, ಕೊಲೆಸ್ಟ್ರಾಲ್ ಮಾತ್ರೆ ತಗೊಂಡು ತೊಡೆ, ಮೀನಖಂಡ ನೋಯುತ್ತಿದ್ದರೆ ಟಿಎಸ್‌ಎಚ್ ನೋಡಿಸಿ. ಥೈರಾಯ್ಡ್ ಕಡಿಮೆ ಇರುವವರಲ್ಲಿ ಆ ನೋವು ಜಾಸ್ತಿ. ಕೆಟ್ಟ ಕೊಲೆಸ್ಟ್ರಾಲ್ ಏರಿದ್ದಕ್ಕೂ ಎಷ್ಟೋ ಸಲ ಥೈರಾಯ್ಡೇ ಕಾರಣ.

## ಹಂತ 7: ಮೂರು ತಿಂಗಳ ಟೆಸ್ಟನ್ನು ಕಣ್ಣುಮುಚ್ಚಿ ನಂಬಬೇಡಿ

ಮೂರು ತಿಂಗಳ ಟೆಸ್ಟ್ ಅಂದರೆ ಎಚ್‌ಬಿಎ1ಸಿ, ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ. ಥೈರಾಯ್ಡ್ ಕಡಿಮೆ ಇದ್ದಾಗ ಹೊಸ ಕಣಗಳ ಹುಟ್ಟು ನಿಧಾನ, ಹಳೆ ಕಣಗಳೇ ಜಾಸ್ತಿ. ಹಳೆ ಕಣಕ್ಕೆ ಅಂಟಿದ ಸಕ್ಕರೆಯೂ ಜಾಸ್ತಿ. ಹಾಗಾಗಿ ಅಂಕಿ ನಿಜಕ್ಕಿಂತ ಮೇಲೆ ಕಾಣಬಹುದು. ಕಬ್ಬಿಣ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೂ ಹೀಗೇ. ಥೈರಾಯ್ಡ್ ಜಾಸ್ತಿ ಇರುವವರಲ್ಲಿ ಉಲ್ಟಾ, ನಿಜಕ್ಕಿಂತ ಕಡಿಮೆ ಕಾಣಬಹುದು.

ತಾಳೆ ನೋಡುವುದು ಹೀಗೆ. ಎಚ್‌ಬಿಎ1ಸಿ 7 ಅಂದರೆ ಸರಾಸರಿ ಶುಗರ್ ಸುಮಾರು 154, 8 ಅಂದರೆ ಸುಮಾರು 183. ರಿಪೋರ್ಟ್ 8 ಅನ್ನುತ್ತಿದೆ, ನಿಮ್ಮ ಪುಸ್ತಕದಲ್ಲಿ ಊಟಕ್ಕೆ ಮುಂಚಿನದ್ದು, ಆಮೇಲಿನದ್ದು ಎರಡೂ 150ರ ಆಸುಪಾಸಲ್ಲೇ ಇದೆ ಅಂದರೆ ಎಲ್ಲೋ ಏನೋ ಕೂಡುತ್ತಿಲ್ಲ. ಆ ಪುಸ್ತಕ ಡಾಕ್ಟರ ಮುಂದಿಡಿ. ಇಲ್ಲದಿದ್ದರೆ ಬರೀ ರಿಪೋರ್ಟ್ ನೋಡಿ ಶುಗರ್ ಮಾತ್ರೆ ಏರಿ, ನಿಮಗೆ ಲೋ ಶುಗರ್ ಬಂದೀತು.

## ಹಂತ 8: ಕೊಳ್ಳುವುದು, ಇಡುವುದು

ಥೈರಾಕ್ಸಿನ್‌ಗೆ ಬಿಸಿಲು, ತೇವ, ಬೆಳಕು ಮೂರೂ ಆಗದು. ನಮ್ಮ ಕಡೆ ಏಪ್ರಿಲ್‌ನಲ್ಲಿ, ಅದರಲ್ಲೂ ಚಳ್ಳಕೆರೆ, ಹಿರಿಯೂರು ಕಡೆ, ತಗಡಿನ ಮನೆಯೊಳಗೆ ಹೇಗಿರುತ್ತದೆ ನಿಮಗೇ ಗೊತ್ತು. ಕಿಟಕಿ ಪಕ್ಕ, ಒಲೆ ಮೇಲಿನ ಗೂಡು, ಬೈಕಿನ ಡಿಕ್ಕಿ ಇವು ಬೇಡ. ಮನೆಯಲ್ಲಿ ತಂಪಾಗಿರುವ ಮೂಲೆ ಹುಡುಕಿ. ಬಾಟಲಿಯೊಳಗಿನ ತೇವ ಹೀರುವ ಪುಟ್ಟ ಪೊಟ್ಟಣ ಎಸೆಯಬೇಡಿ, ಮುಚ್ಚಳ ಬಿಗಿಯಾಗಿ ಹಾಕಿ.

ಕಂಪನಿ ಪದೇ ಪದೇ ಬದಲಿಸಬೇಡಿ. ಒಂದು ಅಂಗಡಿಯಲ್ಲಿ ಸಿಗಲಿಲ್ಲ ಅಂತ ಬೇರೆ ಕಂಪನಿಯದ್ದು ಕೊಟ್ಟರೆ ಪುಸ್ತಕದಲ್ಲಿ ಬರೆದು, ಡಾಕ್ಟರಿಗೆ ಹೇಳಿ, ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ದುಬಾರಿ ಅನಿಸಿದರೆ ಜನೌಷಧಿ ಕೇಂದ್ರದ ಮಾತ್ರೆಯೂ ಆಗುತ್ತದೆ. ಹಿಡಿದ ಮೇಲೆ ಅದನ್ನೇ ಹಿಡಿಯಿರಿ.

12.5 ಮತ್ತು 125 ನೋಡಲು ಒಂದೇ ಥರ, ನಡುವೆ ಹತ್ತು ಪಟ್ಟು ಅಂತರ. ಅಂಗಡಿ ಬಿಡುವ ಮುಂಚೆ ಚೀಟಿ ಮತ್ತು ಬಾಟಲಿ ಅಕ್ಕಪಕ್ಕ ಇಟ್ಟು ನೋಡಿ. ಕನ್ನಡಕ ಮರೆತಿದ್ದರೆ ಅಂಗಡಿಯವರ ಹತ್ತಿರವೇ ಜೋರಾಗಿ ಓದಿಸಿ.

## ಹಂತ 9: ತಿನ್ನುವ ವಿಚಾರ

ಎಲೆಕೋಸು, ಹೂಕೋಸು ಮುಟ್ಟಲೇಬಾರದು ಅನ್ನೋದು ಅತಿಯಾಯಿತು. ಬೇಯಿಸಿ, ಎಲ್ಲರೂ ತಿನ್ನುವಷ್ಟು ತಿಂದರೆ ತೊಂದರೆ ಇಲ್ಲ. ಸಜ್ಜೆಯನ್ನು ದಿನಾ ಮೂರು ಹೊತ್ತೂ ಅದನ್ನೇ ತಿನ್ನದಿದ್ದರೆ ಸಾಕು. ಸೋಯಾ ಹಿಟ್ಟು, ಸೋಯಾ ಹಾಲು ಮಾತ್ರ ಮಾತ್ರೆಯಿಂದ ದೂರ ಇಡಿ, ಹೀರಿಕೊಳ್ಳುವುದನ್ನು ತಡೆಯುತ್ತದೆ. ಅಯೋಡಿನ್ ಉಪ್ಪು ಬಿಡಬೇಡಿ. ಹಾಗಂತ ಅಯೋಡಿನ್ ಮಾತ್ರೆ, ಸಮುದ್ರ ಪಾಚಿಯ ಪುಡಿ ಅಂತ ಮೊಬೈಲ್‌ನಲ್ಲಿ ತೋರಿಸುವುದನ್ನು ತರಿಸಬೇಡಿ. ಅತಿಯಾದ ಅಯೋಡಿನ್ನೂ ಥೈರಾಯ್ಡ್ ಕೆಡಿಸುತ್ತದೆ.

ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ? ಥೈರಾಯ್ಡ್‌ಗೆ ಏನೂ ಇಲ್ಲ, ಜಗಳ ಇರುವುದು ಶುಗರ್ ಜೊತೆ. ಮಂಡಕ್ಕಿ ಹಗುರ ಅಂತ ಮೋಸ ಹೋಗಬೇಡಿ, ಪಾಯಿಂಟ್ ಬೇಗ ಏರಿಸುತ್ತದೆ.

ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸ ಮಾಡುವವರು ಥೈರಾಕ್ಸಿನ್ ಬಿಡಬೇಕಿಲ್ಲ, ರಾತ್ರಿಗೆ ಜರುಗಿಸಬಹುದು. ಇನ್ಸುಲಿನ್ ಮತ್ತು ಕೆಂಪು ಗುರುತಿನ ಮಾತ್ರೆಗಳ ಡೋಸನ್ನು ಉಪವಾಸಕ್ಕೆ ಮುಂಚೆಯೇ ಡಾಕ್ಟರ ಹತ್ತಿರ ಬದಲಿಸಿಕೊಳ್ಳಬೇಕು.

## ಥೈರಾಯ್ಡ್ ಜಾಸ್ತಿ ಇರುವವರಿಗೆ

ನಿಮ್ಮಲ್ಲಿ ಲಿವರ್ ಸಕ್ಕರೆಯನ್ನು ಜಾಸ್ತಿ ಬಿಡುತ್ತದೆ, ಇನ್ಸುಲಿನ್ ಬೇಗ ಮುಗಿಯುತ್ತದೆ. ಶುಗರ್ ಕಾರಣವೇ ಇಲ್ಲದೆ ಏರುತ್ತದೆ. ಥೈರಾಯ್ಡ್ ಇಳಿಸುವ ಮಾತ್ರೆ ಕಾರ್ಬಿಮಜೋಲ್ ಶುರುವಾಗಿ ಥೈರಾಯ್ಡ್ ಇಳಿದ ಹಾಗೆ ಶುಗರ್ ಔಷಧಿಯನ್ನೂ ಇಳಿಸಬೇಕಾಗುತ್ತದೆ, ಇಲ್ಲದಿದ್ದರೆ ಲೋ ಶುಗರ್. ಎದೆಬಡಿತಕ್ಕೆ ಪ್ರೊಪ್ರನೊಲಾಲ್ ಕೊಟ್ಟಿದ್ದರೆ ಲೋ ಶುಗರ್‌ನ ನಡುಕ, ಡವಡವ ಗೊತ್ತಾಗುವುದಿಲ್ಲ. ಬೆವರು ಮಾತ್ರ ಉಳಿದಿರುತ್ತದೆ. ಕಾರಣವಿಲ್ಲದೆ ಬೆವರಿದರೆ ಚುಚ್ಚಿ ನೋಡಿ.

ಕಾರ್ಬಿಮಜೋಲ್ ಮೇಲಿರುವಾಗ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಅಂಗಡಿಯ ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಅಪರೂಪಕ್ಕೆ ಬಿಳಿ ರಕ್ತಕಣ ಪೂರ್ತಿ ಇಳಿದಿರುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತಕಣದ ಟೆಸ್ಟ್ ಮಾಡಿಸಿ. ಕಣ್ಣು ಮುಂದೆ ಬಂದಂತಿದ್ದರೆ ಶುಗರ್‌ಗೆ ಪಯೋಗ್ಲಿಟಜೋನ್ ಇದೆಯಾ ನೋಡಿ, ಇದ್ದರೆ ಡಾಕ್ಟರಿಗೆ ತಿಳಿಸಿ. ಅದು ಕಣ್ಣಿನ ತೊಂದರೆ ಹೆಚ್ಚಿಸಬಹುದು.

## ಕಾಯಬಾರದ ಗುರುತುಗಳು

ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ:

- ವಯಸ್ಸಾದವರು ಮಂಕಾಗಿ, ಎಬ್ಬಿಸಿದರೂ ಸರಿಯಾಗಿ ಏಳದೆ, ಮೈ ತಣ್ಣಗಾಗಿ, ಉಸಿರು ನಿಧಾನವಾಗಿದ್ದರೆ. ಥೈರಾಕ್ಸಿನ್ ಬಿಟ್ಟು ತಿಂಗಳುಗಳಾದವರಲ್ಲಿ ಇದು ಪ್ರಾಣಕ್ಕೆ ಅಪಾಯ. ದಾರಿಯಲ್ಲೇ ಶುಗರ್ ಕೂಡ ನೋಡಿ.
- ಥೈರಾಯ್ಡ್ ಜಾಸ್ತಿ ಇರುವವರಿಗೆ ಜೋರು ಜ್ವರ, ತುಂಬಾ ವೇಗದ ಎದೆಬಡಿತ, ವಾಂತಿ ಭೇದಿ, ಅಸಂಬದ್ಧ ಮಾತು ಒಟ್ಟಿಗೆ ಬಂದರೆ.
- ಲೋ ಶುಗರ್ ಆಗಿ ಪ್ರಜ್ಞೆ ತಪ್ಪಿದರೆ. ಬಾಯಿಗೆ ಏನೂ ಹಾಕಬೇಡಿ.
- ಎದೆನೋವು. ಹೊಸದಾಗಿ ಥೈರಾಕ್ಸಿನ್ ಶುರುವಾದವರಲ್ಲಿ, ಡೋಸ್ ಏರಿದವರಲ್ಲಿ ಇನ್ನೂ ಎಚ್ಚರ. ಶುಗರ್ ಇರುವವರಿಗೆ ಎದೆನೋವು ಬದಲು ಬರೀ ಏದುಸಿರು, ಬೆವರು ಇರಬಹುದು.

ಗರ್ಭಿಣಿ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಿ. ಥೈರಾಕ್ಸಿನ್ ಸಾಮಾನ್ಯವಾಗಿ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ, ಶುಗರ್ ಔಷಧಿಯೂ ಬದಲಾಗಬಹುದು. ಐದನೇ ತಿಂಗಳ ಚೆಕಪ್‌ವರೆಗೆ ಕಾಯುವ ವಿಷಯವಲ್ಲ.

## ಹಂತ 10: ಎಂಟನೇ ವಾರ, ಡಾಕ್ಟರ ಮುಂದೆ

ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಮಾತ್ರೆ, ಚಿಕ್ಕದು" ಅಂತ ಹೇಳಿದರೆ ಯಾರಿಗೂ ಅರ್ಥವಾಗಲ್ಲ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ತೋರಿಸುವವರು ಥೈರಾಯ್ಡ್ ಚೀಟಿಯನ್ನೂ ಅಲ್ಲೇ ತೋರಿಸಿ. ಇಬ್ಬರು ಡಾಕ್ಟರ ಹತ್ತಿರ ಹೋಗುವವರು ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣಿಸಲೇಬೇಕು.

ತಪ್ಪಿಸಿದ ದಿನಗಳನ್ನು ಮುಚ್ಚಿಡಬೇಡಿ. ವಾರಕ್ಕೆ ಎರಡು ದಿನ ಮರೆತು "ದಿನಾ ತಗೊಂಡೆ ಸಾರ್" ಅಂದರೆ, ಏರಿದ ಟಿಎಸ್‌ಎಚ್ ನೋಡಿ ಅವರು ಡೋಸ್ ಏರಿಸುತ್ತಾರೆ. ಆಮೇಲೆ ನೀವು ನಿಜವಾಗಿ ದಿನಾ ತಗೊಳ್ಳಲು ಶುರು ಮಾಡಿದಾಗ ಅದು ಜಾಸ್ತಿಯಾಗುತ್ತದೆ.

ಕೊನೆಗೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಥೈರಾಕ್ಸಿನ್ ಡೋಸ್ ಬದಲಾಯಿತೇ? ಅದಕ್ಕೆ ತಕ್ಕಂತೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಬದಲಿಸಬೇಕೇ? ಮುಂದಿನ ಟಿಎಸ್‌ಎಚ್ ಯಾವ ತಾರೀಖಿಗೆ? ಡೋಸ್ ಬದಲಾಗಿದ್ದರೆ ಮತ್ತೆ ಎಂಟು ವಾರ, ಹಂತ 5ರಿಂದ. ಬದಲಾಗದಿದ್ದರೆ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷಕ್ಕೊಮ್ಮೆ. ಆ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಜಾಗದಲ್ಲೇ, ಬರೆದಿಡಿ.